ನಿಧಾನದಲ್ಲಿ ಅಲೆಯುವ ದೋಣಿ: ಬೆಣ್ಣಿಹಳ್ಳದಿಂದ ಗಂಗಾವಳಿಯವರೆಗೆ

ಧಾರವಾಡ ಜಿಲ್ಲೆಯ ನೆಲವನ್ನು ಅರಿಯಲು ಹೊರಟವರು ಮೊದಲು ಅಲ್ಲಿನ ನೀರು ಯಾವ ದಿಕ್ಕಿಗೆ ಇಳಿಯುತ್ತದೆ ಎಂಬುದನ್ನು ನೋಡಬೇಕಾಗುತ್ತದೆ. ಹುಬ್ಬಳ್ಳಿ–ಧಾರವಾಡ ಅವಳಿ ನಗರ ನಿಂತಿರುವ ಏರುನೆಲ ಒಂದು ಜಲವಿಭಾಜಕ; ಎಂದರೆ ಬಿದ್ದ ಮಳೆಯನ್ನು ಎರಡು ಪಾಲಾಗಿ ಹಂಚಿ ಎರಡು ಸಮುದ್ರಗಳಿಗೆ ಕಳುಹಿಸುವ ನೆಲದ ಬೆನ್ನು. ಈ ಬೆನ್ನಿನ ಪಡುವಣಕ್ಕೆ ಬಿದ್ದ ನೀರು ಶಾಲ್ಮಲಾ, ಬೇಡ್ತಿಗಳಲ್ಲಿ ಕೂಡಿ, ಕಲಘಟಗಿಯ ಅರೆಮಲೆನಾಡನ್ನು ದಾಟಿ, ಯಲ್ಲಾಪುರದ ಕಾಡಿನಲ್ಲಿ ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರು ಹೊತ್ತು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೆ ಇಳಿದು, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು, ಬಂಗಾಳ ಕೊಲ್ಲಿಯವರೆಗೆ ನಡೆಯುತ್ತದೆ. ಒಂದೇ ಮೋಡದಿಂದ ಉದುರಿದ ಎರಡು ಹನಿಗಳಲ್ಲಿ ಒಂದರ ಪಾಲಿಗೆ ಘಟ್ಟದ ಇಳಿಜಾರು ಬಂದರೆ ಇನ್ನೊಂದರ ಪಾಲಿಗೆ ದಖ್ಖನಿನ ಬಯಲು ಬರುತ್ತದೆ.

ಇಳಿಜಾರಿನ ನೀರೂ ಬಯಲಿನ ನೀರೂ ನಡೆಯುವ ರೀತಿ ಬೇರೆ ಬೇರೆ. ಇಳಿಜಾರು ಕಡಿದಾಗಿರುವಲ್ಲಿ ಹೊಳೆ ಕಲ್ಲನ್ನು ಸೀಳಿಕೊಂಡು ಆದಷ್ಟು ನೆಟ್ಟಗೆ ಧುಮುಕುತ್ತದೆ. ನೆಲ ಸಮತಟ್ಟಾದಂತೆ ಅದೇ ನೀರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗತೊಡಗುತ್ತದೆ. ಸಣ್ಣದೊಂದು ಬಾಗು ಮೂಡಿದರೆ ಸಾಕು, ಹೊರದಂಡೆಯ ಕಡೆ ಹರಿವು ಚುರುಕಾಗಿ ಮಣ್ಣನ್ನು ಕೊರೆಯುತ್ತದೆ, ಒಳದಂಡೆಯ ಕಡೆ ಹರಿವು ಸೋತು ಹೂಳನ್ನು ಇಳಿಸುತ್ತದೆ, ಹೀಗೆ ಬಾಗು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ನೆಲ ಚಪ್ಪಟೆಯಾಗಿ ನೀರು ಸಾವಕಾಶವಾದಲ್ಲಿ ಅಲೆದಾಟ ನೀರಿನ ರೋಗವಾಗಿರದೆ ಅದರ ಸ್ವಭಾವವಾಗಿರುತ್ತದೆ. ಕಾರಣಗಳು ಬೇರೆಯಾದರೂ ಈ ಮಾತು ನೀರಿನ ಮೇಲೆ ಸಾಗುವ ದೋಣಿಗೂ ಸಲ್ಲುತ್ತದೆ. ವೇಗದಲ್ಲಿ ಬಾಣದಂತೆ ಹೋಗುವ ಮೋಟಾರು ದೋಣಿ ದಕ್ಕೆಯ ಹತ್ತಿರ ಬಂದು ನಿಧಾನವಾದೊಡನೆ ಮೂತಿಯನ್ನು ಅತ್ತಿತ್ತ ತಿರುಗಿಸತೊಡಗಿದಾಗ, ಸ್ಟೇರಿಂಗ್ ಸಡಿಲಾಗಿದೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಅದರಲ್ಲಿ ಸ್ವಭಾವವೆಷ್ಟು, ಸವೆತವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಾದಿಯಲ್ಲಿ ಸಾಗಿ ಗಂಗಾವಳಿಯ ಅಳಿವೆಯನ್ನು ಮುಟ್ಟುವ ಪ್ರವಾಸ ಈ ಬಿಡಿಸುವಿಕೆಗೆ ಬೇಕಾದ ಪಾಠಗಳನ್ನೆಲ್ಲ, ದೋಣಿಯೇ ಇಲ್ಲದ ಊರುಗಳಲ್ಲಿಯೂ, ಒದಗಿಸುತ್ತದೆ.

ಇಲ್ಲಿ ಮಾತು ಬಂದಿರುವುದು ಸ್ಟರ್ನ್‌ಡ್ರೈವ್ ಎಂಬ ಜಾತಿಯ ದೋಣಿಯ ಕುರಿತು. ಉತ್ತರ ಕನ್ನಡ, ಉಡುಪಿ ಕರಾವಳಿಯ ದೊಡ್ಡ ಮೀನುಗಾರಿಕೆ ಬೋಟುಗಳಲ್ಲಿ ಡೀಸೆಲ್ ಇಂಜಿನ್ ಒಡಲೊಳಗೆ ಕುಳಿತಿರುತ್ತದೆ. ಅದರಿಂದ ಹೊರಟ ಶಾಫ್ಟು ತಳವನ್ನು ತೂರಿ ಹೊರಬಂದು ಪ್ರೊಪೆಲ್ಲರನ್ನು, ಮೀನುಗಾರರ ಬಾಯಲ್ಲಿ ಹೇಳುವುದಾದರೆ ಫ್ಯಾನನ್ನು, ತಿರುಗಿಸುತ್ತದೆ. ಅದರ ಬೆನ್ನಿಗೆ ನಿಂತ ಚುಕ್ಕಾಣಿಯ ಹಲಗೆ ದೋಣಿಯನ್ನು ತಿರುವುತ್ತದೆ. ಸಣ್ಣ ನಾಡದೋಣಿಗಳಲ್ಲಿ ಇಡೀ ಇಂಜಿನ್ನೇ ಹಿಂಬದಿಯ ಹಲಗೆಗೆ ತೂಗುಬಿದ್ದಿರುತ್ತದೆ, ಅದು ಔಟ್‌ಬೋರ್ಡ್. ಸ್ಟರ್ನ್‌ಡ್ರೈವ್ ಈ ಎರಡರ ನಡುವಿನ ರಾಜಿ: ಇಂಜಿನ್ ಹಿಂಬದಿಯ ಹಲಗೆಗೆ ಒತ್ತಿಕೊಂಡು ಒಳಗಿರುತ್ತದೆ, ಔಟ್‌ಬೋರ್ಡಿನ ಕೆಳಭಾಗವನ್ನು ಹೋಲುವ ಕಾಲೊಂದು ಹಲಗೆಯ ಹೊರಗೆ ನೀರಿನಲ್ಲಿ ಇಳಿಬಿದ್ದಿರುತ್ತದೆ. ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿ 1959ರಲ್ಲಿ ಆಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು, 1961ರಲ್ಲಿ ಅಮೆರಿಕದ ಮರ್ಕ್ರೂಸರ್ ಹಿಂಬಾಲಿಸಿತು. ಇದರಲ್ಲಿ ಬೇರೆಯಾದ ಚುಕ್ಕಾಣಿಯ ಹಲಗೆ ಇರುವುದಿಲ್ಲ ಎಂಬುದೇ ಮುಂದಿನ ಎಲ್ಲ ಮಾತಿಗೂ ಬುನಾದಿ. ಇಡೀ ಕಾಲೇ ಎಡಬಲಕ್ಕೆ ಹೊರಳುತ್ತದೆ, ಪ್ರೊಪೆಲ್ಲರ್ ಹಿಂದಕ್ಕೆ ಒತ್ತುವ ನೀರಿನ ದಿಕ್ಕೇ ದೋಣಿಯ ದಿಕ್ಕನ್ನು ಗೊತ್ತುಮಾಡುತ್ತದೆ. ಆದ್ದರಿಂದ ನೂಕುವ ಕೆಲಸವೂ ತಿರುಗಿಸುವ ಕೆಲಸವೂ ಒಂದೇ ಅಂಗದ ಪಾಲಿಗೆ ಬಂದಿರುತ್ತವೆ, ನೂಕು ಕಡಿಮೆಯಾದರೆ ತಿರುಗಿಸುವ ಬಲವೂ ಕಡಿಮೆಯಾಗುತ್ತದೆ.

ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟ ರೈಲು ಅಣ್ಣಿಗೇರಿಯನ್ನು ಹಾದುಹೋಗುತ್ತದೆ. ಆದಿಕವಿ ಪಂಪನ ನಂಟಿನಿಂದಲೂ ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿಯಿಂದಲೂ ಹೆಸರಾದ ಈ ಊರಿನ ಸುತ್ತ ಕಣ್ಣು ಹಾಯುವವರೆಗೂ ಎರೆ ಹೊಲ. ಅದರ ನಡುವೆ ಹಳಿಗಳು ಗೆರೆ ಎಳೆದಂತೆ ಮಲಗಿವೆ. ರೈಲಿನ ಇಂಜಿನ್ನಿನಲ್ಲಿ ಸ್ಟೇರಿಂಗ್ ಚಕ್ರವಿಲ್ಲ, ಏಕೆಂದರೆ ದಿಕ್ಕಿನ ಹೊಣೆಯನ್ನು ಹಳಿಯೇ ಹೊತ್ತಿದೆ. ರಸ್ತೆಯಲ್ಲಿ ಓಡುವ ಬಸ್ಸಿಗೆ ಹಳಿಯಿಲ್ಲದಿದ್ದರೂ ಟೈರು ನೆಲವನ್ನು ಕಚ್ಚಿ ಹಿಡಿದಿರುತ್ತದೆ, ಚಾಲಕ ಚಕ್ರವನ್ನು ನೆಟ್ಟಗೆ ಹಿಡಿದರೆ ಬಸ್ಸು ಬಹುಮಟ್ಟಿಗೆ ನೆಟ್ಟಗೆ ಹೋಗುತ್ತದೆ. ದೋಣಿಗೆ ಹಳಿಯೂ ಇಲ್ಲ, ಕಚ್ಚಿ ಹಿಡಿಯುವ ನೆಲವೂ ಇಲ್ಲ. ಅದರ ದಿಕ್ಕನ್ನು ಕಾಯುವುದು ಒಡಲಿನ ಪಕ್ಕಗಳ ಮೇಲೆ ಹರಿಯುವ ನೀರಿನ ಒತ್ತಡ ಮಾತ್ರ. ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ದೋಣಿಯ ವೇಗವನ್ನು ನಾಟ್ ಎಂಬ ಮಾನದಲ್ಲಿ ಹೇಳುವುದು ರೂಢಿ, 1 ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.; 8 ನಾಟ್‌ನಲ್ಲಿದ್ದ ದೋಣಿ 4 ನಾಟ್‌ಗೆ ಇಳಿದಾಗ ಅದನ್ನು ನೆಟ್ಟಗೆ ಹಿಡಿದಿಡುವ ಬಲ ಅರ್ಧವಾಗದೆ ಕಾಲುಭಾಗಕ್ಕೆ ಕುಸಿಯುತ್ತದೆ, 2 ನಾಟ್‌ಗೆ ಇಳಿದಾಗ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಗಾಳಿಯ ತಳ್ಳು ಮಾತ್ರ ಮೊದಲಿದ್ದಷ್ಟೇ ಇರುತ್ತದೆ. ವೇಗದಲ್ಲಿ ಲೆಕ್ಕಕ್ಕೇ ಬಾರದಿದ್ದ ಗಾಳಿ, ಅಲೆ, ಒಂದು ಬದಿಗೆ ಕುಳಿತ ಪ್ರಯಾಣಿಕರ ಭಾರ ಇವೆಲ್ಲ ನಿಧಾನದಲ್ಲಿ ದೊಡ್ಡವಾಗಿ ಕಾಣುವುದಕ್ಕೆ ಕಾರಣ ಇದು.

ಅಣ್ಣಿಗೇರಿಯಿಂದ ನವಲಗುಂದದತ್ತ ಹೊರಟರೆ ಬೆಣ್ಣಿಹಳ್ಳದ ಸೀಮೆ ಸಿಗುತ್ತದೆ. ದುಂಡಶಿಯ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ಎರೆಯನ್ನು ಕೊರೆದುಕೊಂಡು ಬಡಗಣಕ್ಕೆ ಸಾಗಿ ಮಲಪ್ರಭೆಯನ್ನು ಕೂಡುವ ಈ ಹಳ್ಳ ಬೇಸಿಗೆಯಲ್ಲಿ ಜಾಲಿಯ ನೆರಳಿನಲ್ಲಿ ಮಲಗಿದ ತೆಳ್ಳನೆಯ ಗೆರೆ. ಯಮನೂರಿನ ಚಾಂಗದೇವ–ರಾಜಾಬಾಗಸವಾರ ದರ್ಗಾದ ಉರುಸಿಗೆ ಬರುವ ಭಕ್ತರು, ಹಿಂದೂ ಮುಸ್ಲಿಮರೆನ್ನದೆ, ಇದರಲ್ಲೇ ಮಿಂದು ಹೋಗುತ್ತಾರೆ. ಅದೇ ಹಳ್ಳ ಮಳೆ ಮಿತಿಮೀರಿದ ವರ್ಷ ದಂಡೆಯನ್ನು ಮರೆಯುತ್ತದೆ. 2009ರ ನೆರೆಯಲ್ಲಿ, ಮತ್ತೆ 2019ರ ಆಗಸ್ಟ್ ತಿಂಗಳಲ್ಲಿ, ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ನವಲಗುಂದ ಭಾಗದ ಹೊಲಗಳನ್ನು ಮುಳುಗಿಸಿದವು. ಎರೆನೆಲದ ಜನ ಮೋಟಾರು ದೋಣಿಯನ್ನು ಕಾಣುವುದು ಬಹುಮಟ್ಟಿಗೆ ಇಂಥ ದಿನಗಳಲ್ಲೇ. ನೆರೆಯಲ್ಲಿ ಜನರನ್ನು ದಾಟಿಸಲು ಬರುವ ಗಾಳಿ ತುಂಬಿದ ರಬ್ಬರ್ ದೋಣಿಗೆ ಹಿಂಬದಿಯಲ್ಲಿ ಔಟ್‌ಬೋರ್ಡ್ ಇರುತ್ತದೆ, ತಳ ಬಹುಮಟ್ಟಿಗೆ ಚಪ್ಪಟೆಯಾಗಿರುತ್ತದೆ. ನೀರಿನಡಿ ಬೇಲಿಯ ತಂತಿಯೋ ಜಾಲಿಯ ಕೊಂಬೆಯೋ ಇರಬಹುದಾದ ಹೊಲದ ಮೇಲೆ ಅದು ಹೆಜ್ಜೆ ಎಣಿಸಿದಂತೆ ಸಾಗಬೇಕು, ಹಾಗೆ ಸಾಗುವಾಗ ಅದರ ಮೂತಿ ಎತ್ತಲೂ ನಿಲ್ಲದೆ ಆಡುತ್ತದೆ. ಅದರಲ್ಲಿ ಕೆಟ್ಟದ್ದೇನೂ ಇರುವುದಿಲ್ಲ; ತಳದಲ್ಲಿ ಏಣಿಲ್ಲದ, ಎಂದರೆ ನೀರನ್ನು ಸೀಳಿ ಹಿಡಿಯುವ ಉದ್ದನೆಯ ಅಂಚಿಲ್ಲದ ಯಾವ ದೋಣಿಯೂ ನಿಧಾನದಲ್ಲಿ ಹೀಗೆಯೇ ನಡೆದುಕೊಳ್ಳುತ್ತದೆ. ತುಂಗಭದ್ರೆಯ ಹರಿಗೋಲು ಇದರ ತುತ್ತತುದಿ: ದುಂಡಾದ ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ, ಅಂಬಿಗ ಹುಟ್ಟು ಹಾಕುವುದನ್ನು ಬಿಟ್ಟೊಡನೆ ಅದು ಬುಗುರಿಯಂತೆ ಸುತ್ತತೊಡಗುತ್ತದೆ.

ನಿಧಾನವಾಗಿ, ಆದರೂ ನೆಟ್ಟಗೆ ಹೋಗುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಜೋಳವನ್ನೋ ಕಡಲೆಯನ್ನೋ ಕೂರಿಗೆಯಿಂದ ಬಿತ್ತುವ ರೈತ ಎತ್ತುಗಳ ಕಾಲನ್ನಾಗಲಿ ಕೂರಿಗೆಯ ತಾಳನ್ನಾಗಲಿ ನೋಡುತ್ತ ನಡೆದರೆ ಸಾಲು ಹಾವಿನಂತಾಗುತ್ತದೆ. ಹೊಲದ ಆ ತುದಿಯ ಬೇವಿನ ಮರವನ್ನೋ ಬದುವಿನ ಕಲ್ಲನ್ನೋ ಗುರುತಿಗೆ ಇಟ್ಟುಕೊಂಡು ನಡೆದರೆ ಸಾಲು ತಾನಾಗಿ ನೆಟ್ಟಗಾಗುತ್ತದೆ. ದೋಣಿ ನಡೆಸುವವರಿಗೆ ಹೇಳಿಕೊಡುವ ಮೊದಲ ಮಾತೂ ಇದೇ. ಮೂತಿಯನ್ನೇ ನೋಡುತ್ತಿದ್ದರೆ ಅದರ ಪ್ರತಿಯೊಂದು ಓಲಾಟಕ್ಕೂ ಕೈ ಹಿಂದೆಯೇ ಓಡುತ್ತದೆ. ದೂರದ ದಂಡೆಯ ಒಂದು ಗುರುತನ್ನು ಹಿಡಿದರೆ ಎಡಕ್ಕೆ ಹೋದದ್ದು ಬಲಕ್ಕೆ ಬಂದು ಒಟ್ಟಾರೆ ದಾರಿ ನೆಟ್ಟಗೇ ಇದೆ ಎಂಬುದು ಕಾಣತೊಡಗುತ್ತದೆ. ಆದ್ದರಿಂದ ಪರೀಕ್ಷೆ ಪಾನಾ ಹಿಡಿಯುವ ಮೊದಲೇ, ನೀರಿನ ಮೇಲೆ, ಗಾಳಿಯಿಲ್ಲದ ಬೆಳಗಿನಲ್ಲಿ ಆರಂಭವಾಗಬೇಕು. ನಿಧಾನದಲ್ಲಿ ಅಲೆದು ವೇಗ ಹೆಚ್ಚಿದೊಡನೆ ನೆಟ್ಟಗಾಗುವ ದೋಣಿಯ ಅಲೆದಾಟದಲ್ಲಿ ಹೆಚ್ಚಿನ ಪಾಲು ಒಡಲಿನ ಸ್ವಭಾವದ್ದು. ಎಲ್ಲ ವೇಗದಲ್ಲೂ ಚಕ್ರ ಒಂದಿಷ್ಟು ದೂರ ಬರಿದೆ ತಿರುಗಿ ಆಮೇಲೆ ದೋಣಿ ಎಚ್ಚೆತ್ತಂತೆ ತಿರುಗುವುದಾದರೆ ಅದು ಸವೆತದ ಸೂಚನೆ. ನಿಧಾನದಲ್ಲಿ ಸರಿಯಿದ್ದು ವೇಗದಲ್ಲಿ ಮಾತ್ರ ಸದಾ ಒಂದೇ ಬದಿಗೆ ಎಳೆಯುವುದು ಮೂರನೆಯ ಬಗೆ; ಪ್ರೊಪೆಲ್ಲರಿನ ಸುತ್ತುವಿಕೆಯಿಂದ ಹುಟ್ಟುವ ಆ ಎಳೆತವನ್ನು ತಗ್ಗಿಸಲು ಹಲವು ಮಾದರಿಗಳಲ್ಲಿ ಪ್ರೊಪೆಲ್ಲರಿನ ಮೇಲುಗಡೆ ಹಿಂದಕ್ಕೆ ಚಾಚಿದ ಪುಟ್ಟ ರೆಕ್ಕೆಯೊಂದನ್ನು ಕೂರಿಸಿರುತ್ತಾರೆ, ಅದನ್ನು ಕೊಂಚ ಓರೆ ಮಾಡಿದರೆ ಎಳೆತ ಇಳಿಯುತ್ತದೆ. ನಿಧಾನದ ಅಲೆದಾಟಕ್ಕೂ ಆ ರೆಕ್ಕೆಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಆದರೂ ಸುಲಭವಾಗಿ ಕೈಗೆಟಕುವ ಅಂಗವಾದ್ದರಿಂದ ಅನೇಕರು ಮೊದಲು ತಿರುಪುವುದು ಅದನ್ನೇ.

ಸವೆತದ ಸೂಚನೆ ಸಿಕ್ಕಮೇಲಿನ ಕೆಲಸವನ್ನು ನವಲಗುಂದದ ಯಾವ ಟ್ರ್ಯಾಕ್ಟರ್ ಮಿಸ್ತ್ರಿಯೂ ಬಲ್ಲ. ಸ್ಟೇರಿಂಗ್ ಚಕ್ರ ಬರಿದೆ ತಿರುಗುವ ದೂರಕ್ಕೆ ಆ ಕಸುಬಿನಲ್ಲಿ ಪ್ಲೇ ಎನ್ನುತ್ತಾರೆ. ಪ್ಲೇ ಹೆಚ್ಚಾದ ಟ್ರ್ಯಾಕ್ಟರು ಬಂದರೆ ಮಿಸ್ತ್ರಿ ಸ್ಟೇರಿಂಗ್ ಬಾಕ್ಸನ್ನು ಒಡನೆ ಬಿಚ್ಚುವುದಿಲ್ಲ. ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿ, ಆ ಅಲುಗಾಟ ಟೈ ರಾಡಿನ ಬಾಲ್ ಜಾಯಿಂಟಿನಲ್ಲಿ ನಿಲ್ಲುತ್ತದೆಯೋ, ಕಿಂಗ್ ಪಿನ್ನಿನಲ್ಲಿ ನಿಲ್ಲುತ್ತದೆಯೋ, ಅಥವಾ ಮೇಲಿನ ಬಾಕ್ಸಿನವರೆಗೂ ಏರುತ್ತದೆಯೋ ಎಂದು ಬೆರಳಿಟ್ಟು ನೋಡುತ್ತಾನೆ. ಚಕ್ಕಡಿಯ ಕಾಲದಲ್ಲಿ ಇದೇ ಕೆಲಸ ಗಾಲಿಯನ್ನು ಅಲುಗಿಸಿ ಗುಂಬ ಸವೆದಿದೆಯೋ ಅಚ್ಚು ಸವೆದಿದೆಯೋ ಎಂದು ಕಿವಿಗೊಟ್ಟು ಕೇಳುವ ರೂಪದಲ್ಲಿ ಇತ್ತು. ಕೊನೆಯ ತುದಿಯಿಂದ ಹೊರಟು ಕೈಯ ಕಡೆಗೆ ಬರುವುದು, ಎಲ್ಲಿ ಚಲನೆ ಕಳೆದುಹೋಗುತ್ತದೆಯೋ ಅಲ್ಲಿ ನಿಲ್ಲುವುದು: ಕ್ರಮ ಇಷ್ಟೇ.

ನವಲಗುಂದದಿಂದ ತಿರುಗಿ ಬೆಣ್ಣಿಹಳ್ಳದ ಮೇಲ್ಗಡೆಗೆ ಬಂದರೆ ಕುಂದಗೋಳ. ಶಂಭುಲಿಂಗ ದೇವಾಲಯವಿರುವ ಈ ಊರನ್ನು ಹಿಂದೂಸ್ತಾನಿ ಸಂಗೀತದ ನಕ್ಷೆಯಲ್ಲಿ ನಿಲ್ಲಿಸಿದವರು ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ (1886–1952). ಅವರಲ್ಲಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು, ಭೀಮಸೇನ ಜೋಶಿ ಇಲ್ಲೇ ಉಳಿದು ಕಲಿತರು; ಇಂದಿಗೂ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆಯುತ್ತದೆ. ಅವರು ಹಾಡಿದ ಕಿರಾನಾ ಘರಾಣೆಯ ಹೆಗ್ಗುರುತು ವಿಲಂಬಿತ ಲಯದ ಆಲಾಪ, ಎಂದರೆ ಬಹು ನಿಧಾನವಾದ ನಡೆಯಲ್ಲಿ ಒಂದೊಂದೇ ಸ್ವರವನ್ನು ಹಿಡಿದು ನಿಲ್ಲಿಸಿ, ಅದು ಗಟ್ಟಿಯಾದ ಮೇಲೆ ಮುಂದಿನದಕ್ಕೆ ಏರುವ ಪದ್ಧತಿ. ದ್ರುತದಲ್ಲಿ ತಾನುಗಳ ಓಟ ಸಣ್ಣ ಜಾರುಗಳನ್ನು ಮುಚ್ಚಿಬಿಡಬಹುದು. ವಿಲಂಬಿತದಲ್ಲಿ ಸ್ವರ ಕೂದಲೆಳೆಯಷ್ಟು ಜಾರಿದರೂ ಕೇಳುವ ಕಿವಿಗೆ ತಿಳಿಯುತ್ತದೆ. ದೋಣಿಯ ಸ್ಟೇರಿಂಗಿಗೂ ನಿಧಾನವೇ ಒರೆಗಲ್ಲು, ಮತ್ತು ಅದರ ದೋಷವನ್ನು ಹುಡುಕುವ ಕೆಲಸವೂ ಆಲಾಪದಂತೆ ಒಂದೊಂದೇ ಕೀಲಿನಲ್ಲಿ ನಿಂತು, ಅದನ್ನು ಖಚಿತಪಡಿಸಿಕೊಂಡು, ಮುಂದಿನದಕ್ಕೆ ಹೋಗಬೇಕಾದದ್ದು.

ಸ್ಟರ್ನ್‌ಡ್ರೈವಿನ ಕೀಲುಗಳ ಸರಪಳಿ ಹೀಗಿದೆ. ಚಾಲಕನ ಚಕ್ರದ ಹಿಂದೆ ಹಲ್ಲುಗಳ ಪೆಟ್ಟಿಗೆಯೊಂದಿದ್ದು ಅದು ಉಕ್ಕಿನ ಕೇಬಲ್ಲನ್ನು ಹಿಂದೆ ಮುಂದೆ ನೂಕುತ್ತದೆ. ಸೈಕಲ್ಲಿನ ಬ್ರೇಕಿನ ತಂತಿಯಂತೆ ಕೊಳವೆಯೊಳಗೆ ಜಾರುವ ಈ ಕೇಬಲ್ಲು ದೋಣಿಯ ಪಕ್ಕದ ಗುಂಟ ಸಾಗಿ ಹಿಂಬದಿಯನ್ನು ಮುಟ್ಟಿ, ಇಂಜಿನ್ನಿನ ಹಿಂದಿರುವ ಒಂದು ತೋಳಿಗೆ ಪಿನ್ನಿನಿಂದ ಜೋಡಣೆಯಾಗುತ್ತದೆ. ಆ ತೋಳು ನಿಂತ ಗೂಟವೊಂದರ ತಲೆಯನ್ನು ಬಿಗಿಯಾಗಿ ಕಚ್ಚಿರುತ್ತದೆ, ಗೂಟ ಹಲಗೆಯ ಹೊರಗಿನ ಗಿಂಬಲ್ ರಿಂಗ್ ಎಂಬ ಲೋಹದ ಚೌಕಟ್ಟನ್ನು ತಿರುಗಿಸುತ್ತದೆ. ಗಿಂಬಲ್ ರಿಂಗ್ ಎಂದರೆ ಕಾಲು ಎಡಬಲಕ್ಕೂ ಮೇಲೆ ಕೆಳಕ್ಕೂ ಹೊರಳುವಂತೆ ಅದನ್ನು ಹಿಡಿದಿರುವ ತೂಗುಚೌಕಟ್ಟು. ಕೆಳಗಡೆ ಅದನ್ನು ಇನ್ನೊಂದು ಪಿನ್ನು ಆಧರಿಸಿರುತ್ತದೆ. ಮರ್ಕ್ರೂಸರ್ ಮಾದರಿಯ ಹಳೆಯ ಕಾಲುಗಳಲ್ಲಿ ಸಾಮಾನ್ಯವಾಗಿ ಸವೆಯುವುದು ಈ ಗೂಟದ ಸುತ್ತಲಿನ ಬುಶ್‌ಗಳು ಮತ್ತು ಗೂಟವೂ ರಿಂಗೂ ಒಂದನ್ನೊಂದು ಕಚ್ಚುವ ಚೌಕದ ಅಂಚುಗಳು. ಬೋಲ್ಟು ಸಡಿಲಾದರೆ ಚೌಕದೊಳಗಿನ ಚೌಕ ಸ್ವಲ್ಪ ಸ್ವಲ್ಪವೇ ಅಲುಗಾಡಿ, ಅಂಚು ಮೊಂಡಾಗಿ, ಕೊನೆಗೆ ಎಷ್ಟು ಬಿಗಿದರೂ ಅಲುಗಾಟ ಉಳಿದುಬಿಡುತ್ತದೆ.

ಪರೀಕ್ಷೆಗೆ ಮೂವರು ಬೇಕು. ದೋಣಿಯನ್ನು ಟ್ರೇಲರಿನ ಮೇಲೆ ನಿಲ್ಲಿಸಿ, ಇಂಜಿನ್ನಿನ ಕೀಲಿಕೈಯನ್ನು ತೆಗೆದು, ಕಾಲನ್ನು ಪೂರ್ತಿ ಕೆಳಕ್ಕಿಳಿಸಬೇಕು. ಒಬ್ಬರು ಚಕ್ರವನ್ನು ಅಲುಗದಂತೆ ಹಿಡಿದಿರುತ್ತಾರೆ. ಇನ್ನೊಬ್ಬರು ಹೊರಗೆ ನಿಂತು ಪ್ರೊಪೆಲ್ಲರಿನ ಕೆಳಗೆ ಚಾಚಿದ ಲೋಹದ ರೆಕ್ಕೆಯನ್ನು ಹಿಡಿದು ಕಾಲನ್ನು ಎಡಬಲಕ್ಕೆ ಮೆಲ್ಲಗೆ ತೂಗುತ್ತಾರೆ. ಮೂರನೆಯವರು ಟಾರ್ಚು ಹಿಡಿದು ಒಂದೊಂದೇ ಕೀಲಿಗೆ ಬೆರಳು ತಾಗಿಸುತ್ತಾರೆ. ಕಾಲು ಅಲುಗಿದರೂ ರಿಂಗ್ ಅಲುಗದಿದ್ದರೆ ಸವೆತ ಕಾಲನ್ನು ರಿಂಗಿಗೆ ಕೂಡಿಸುವ ಪಿನ್ನುಗಳಲ್ಲಿದೆ. ರಿಂಗ್ ಅಲುಗಿ ಒಳಗಿನ ತೋಳು ನಿಂತೇ ಇದ್ದರೆ ಗೂಟ, ಬುಶ್ ಅಥವಾ ಚೌಕದ ಕಚ್ಚು ಸಡಿಲಾಗಿದೆ. ತೋಳು ಅಲುಗಿ ಕೇಬಲ್ಲಿನ ತುದಿ ನಿಂತಿದ್ದರೆ ನಡುವಿನ ಪಿನ್ನು ಸವೆದಿದೆ. ಕೇಬಲ್ಲಿನ ತುದಿಯೂ ಸರಿದು ಚಕ್ರ ಮಾತ್ರ ನಿಶ್ಚಲವಾಗಿದ್ದರೆ ದೋಷ ಕೇಬಲ್ಲಿನ ಒಡಲಲ್ಲೋ ಚಕ್ರದ ಹಿಂದಿನ ಪೆಟ್ಟಿಗೆಯಲ್ಲೋ ಇದೆ. ಕಣ್ಣು ತಪ್ಪಿಸುವ ಅರ್ಧ ಮಿಲಿಮೀಟರಿನ ಜಾರನ್ನು ಎರಡು ಲೋಹಗಳ ಸಂದಿನ ಮೇಲಿಟ್ಟ ಬೆರಳು ಹಿಡಿಯುತ್ತದೆ. ಅಲ್ಲಿ ಕಟ್ ಎಂಬ ಸಣ್ಣ ತಟ್ಟು ಬೆರಳಿಗೇ ಮೊದಲು ತಿಳಿಯುತ್ತದೆ.

ಈ ಶಿಸ್ತು ಏಕೆ ಬೇಕೆಂಬುದಕ್ಕೆ ಖರ್ಚಿನ ಕಾರಣವೂ ಇದೆ. ಗೂಟ ಮತ್ತು ಬುಶ್ ಕೂತಿರುವ ಜಾಗ ಎಷ್ಟು ಇಕ್ಕಟ್ಟೆಂದರೆ ಕೆಲವು ಮಾದರಿಗಳಲ್ಲಿ ಅಂಗೈಯೊಳಗೆ ಹಿಡಿಸುವ ಒಂದು ಬಿಡಿಭಾಗವನ್ನು ಬದಲಿಸಲು ಇಡೀ ಇಂಜಿನ್ನನ್ನೇ ಎತ್ತಿ ಇಳಿಸಬೇಕಾಗುತ್ತದೆ. ದೋಷ ಅಲ್ಲಿಲ್ಲದೆ ಕೇಬಲ್ಲಿನ ಪಿನ್ನಿನಲ್ಲಿತ್ತೆಂದು ಆಮೇಲೆ ತಿಳಿದರೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮ. ಸಡಿಲಿನ ಅಳತೆಯನ್ನೂ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಚಕ್ರ ಒಂದು ಕೊನೆಯಿಂದ ಇನ್ನೊಂದು ಕೊನೆಗೆ 4 ಸುತ್ತು ತಿರುಗಿದಾಗ ಕಾಲು ಒಟ್ಟು 60 ಡಿಗ್ರಿ ಹೊರಳುತ್ತದೆ ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ 15 ಡಿಗ್ರಿ ಬೀಳುತ್ತದೆ. ಚಕ್ರ ಎಂಟರಲ್ಲಿ ಒಂದು ಸುತ್ತು ಬರಿದೆ ತಿರುಗಿದರೆ ಕಾಲಿನಲ್ಲಿ ಕಳೆದುಹೋಗುವುದು 2 ಡಿಗ್ರಿಗಿಂತ ಕಡಿಮೆ. ಕೈಗೆ ದೊಡ್ಡದಾಗಿ ಕಂಡ ಪ್ಲೇ ಕಾಲಿನಲ್ಲಿ ಚಿಕ್ಕದಿರಬಹುದು. ಗೂಟದ ಬಳಿಯ ಸವೆತ ಇದಕ್ಕೆ ತಿರುವುಮುರುವು, ಅಲ್ಲಿ ಸಂದು ಚಿಕ್ಕದಿದ್ದರೂ ಕಾಲು ಯಾರ ಅಪ್ಪಣೆಯನ್ನೂ ಕಾಯದೆ ತನ್ನಷ್ಟಕ್ಕೆ ಓಲಾಡುತ್ತದೆ. ಹೊರಳಿಸಿದಾಗ ಗುರ್ರೆನ್ನುವ ಸದ್ದು ಬಂದರೆ ಅದು ಇನ್ನೊಂದು ಕತೆ. ಇಂಜಿನ್ನಿನ ಶಕ್ತಿಯನ್ನು ಹೊರಗಿನ ಕಾಲಿಗೆ ಒಯ್ಯುವ ಶಾಫ್ಟಿನ ಬೇರಿಂಗು ಸವೆದಿರಬಹುದು, ಅದನ್ನು ನೀರಿನಿಂದ ಕಾಯುವ ರಬ್ಬರಿನ ಮಡಿಕೆಚೀಲ ಹರಿದಿರಬಹುದು; ಹರಿದ ಚೀಲ ದೋಣಿಯನ್ನು ಮುಳುಗಿಸಬಲ್ಲದಾದ್ದರಿಂದ ಆ ಸದ್ದನ್ನು ಕೇಳಿಯೂ ಕೇಳದಂತೆ ಇರುವಂತಿಲ್ಲ, ಆದರೆ ಅಲೆದಾಟದ ಕಾರಣವನ್ನು ಅಲ್ಲಿ ಹುಡುಕುವುದೂ ಸರಿಯಲ್ಲ.

ಪವರ್ ಸ್ಟೇರಿಂಗ್ ಇರುವ ದೋಣಿಗಳಲ್ಲಿ ಮತ್ತೊಂದು ಮೆಟ್ಟಿಲಿದೆ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಿ ತೋಳನ್ನು ತಳ್ಳಲು ನೆರವಾಗುತ್ತದೆ. ನಿಧಾನದಲ್ಲಿ ಇಂಜಿನ್ನು ನಿಮಿಷಕ್ಕೆ 600ರಿಂದ 1,000 ಸುತ್ತುಗಳ ಆಸುಪಾಸಿನಲ್ಲಿರುವಾಗ ಪಂಪೂ ಮೆಲ್ಲಗೆ ತಿರುಗುತ್ತದೆ; ಬೆಲ್ಟು ಸಡಿಲಾಗಿದ್ದರೆ, ಎಣ್ಣೆ ಕಡಿಮೆಯಾಗಿದ್ದರೆ, ಎಣ್ಣೆಯಲ್ಲಿ ಗಾಳಿ ಸೇರಿ ನೊರೆಯೆದ್ದಿದ್ದರೆ, ನೆರವು ಬಿಟ್ಟು ಬಿಟ್ಟು ಬರುತ್ತದೆ, ಚಾಲಕ ಮೊದಲು ಬಲ ಹಾಕಿ, ಆಮೇಲೆ ಅದು ಒಮ್ಮೆಲೇ ಹಗುರಾದಾಗ ಬೇಕಾದದ್ದಕ್ಕಿಂತ ಹೆಚ್ಚು ತಿರುಗಿಸಿಬಿಡುತ್ತಾನೆ. ಹೊರಗಿನಿಂದ ನೋಡಿದವರಿಗೆ ಇದೂ ಸಡಿಲವೆಂದೇ ಕಾಣುತ್ತದೆ. ಉಪ್ಪುನೀರಿನಿಂದ ತುಕ್ಕು ಹಿಡಿದ ಕೇಬಲ್ಲಿನ ಪರಿಣಾಮವೂ ಹೀಗೆಯೇ, ಅದು ಬಿಗಿಯಾಗಿ ಅಲೆಸುತ್ತದೆ. ಸಡಿಲವೂ ಬಿಗಿಯೂ ಒಂದೇ ಫಲವನ್ನು ಕೊಡುವುದರಿಂದ ಫಲವನ್ನಷ್ಟೇ ನೋಡಿ ಕಾರಣವನ್ನು ಹೇಳಲು ಬಾರದು.

ಕುಂದಗೋಳದಿಂದ ಪಡುವಣಕ್ಕೆ ತಿರುಗಿ ಕಲಘಟಗಿಗೆ ಬರುವಷ್ಟರಲ್ಲಿ ಎರೆಯ ಕಪ್ಪು ಕೆಂಪಿಗೆ ತಿರುಗಿ, ಜೋಳದ ಹೊಲಗಳು ಭತ್ತದ ಗದ್ದೆಗಳಿಗೆ ಎಡೆಗೊಟ್ಟಿರುತ್ತವೆ. ಪ್ರವಾಸಿ ಈಗ ಜಲವಿಭಾಜಕವನ್ನು ದಾಟಿದ್ದಾನೆ. ದುಮ್ಮವಾಡದ ನೀರಸಾಗರದಲ್ಲಿ ಹುಬ್ಬಳ್ಳಿಗಾಗಿ ಕಟ್ಟಿ ನಿಲ್ಲಿಸಿದ ಬೇಡ್ತಿಯ ನೀರು ಅರಬ್ಬೀ ಸಮುದ್ರದ ಕಡೆಯದು. ಕಲಘಟಗಿ ಹೆಸರಾದದ್ದು ಬಣ್ಣದ ತೊಟ್ಟಿಲುಗಳಿಗೆ. ಕಟ್ಟಿಗೆಯ ಮೇಲೆ ಅರಗಿನ ಬಣ್ಣವೇರಿಸಿ, ಪುರಾಣದ ಚಿತ್ರಗಳನ್ನು ಬರೆದ ಈ ತೊಟ್ಟಿಲನ್ನು ಬಸುರಿ ಮಗಳಿರುವ ಮನೆಯವರು ದೂರದೂರುಗಳಿಂದ ಬಂದು ಮಾಡಿಸಿಕೊಂಡು ಹೋಗುತ್ತಾರೆ. ದೋಣಿಯ ಅಲೆದಾಟದಲ್ಲಿ ಒಡಲು, ಸವೆತಗಳ ಜೊತೆಗೆ ಸೇರುವ ಮೂರನೆಯ ಕಾರಣವನ್ನು, ಎಂದರೆ ನಡೆಸುವವನ ಕೈಯನ್ನು, ಅರ್ಥಮಾಡಿಕೊಳ್ಳಲು ಈ ತೊಟ್ಟಿಲಿಗಿಂತ ಒಳ್ಳೆಯ ಉಪಕರಣ ಸಿಗಲಾರದು. ತೂಗುವ ತಾಯಿ ಪ್ರತಿ ಸಲ ಹೊಸದಾಗಿ ಬಲ ಹಾಕುವುದಿಲ್ಲ. ತೊಟ್ಟಿಲು ತನ್ನ ಓಲಾಟದ ತುದಿಯನ್ನು ಮುಟ್ಟಿ ತಿರುಗುವ ಗಳಿಗೆಯಲ್ಲಿ ಬೆರಳಿನಿಂದ ಸೋಕಿಸಿದರೆ ಸಾಕು, ತೂಗಾಟ ತಾನೇ ದೊಡ್ಡದಾಗುತ್ತದೆ. ಅದನ್ನು ನಿಲ್ಲಿಸಬೇಕಾದಾಗ ಅವಳು ಎದುರಿನಿಂದ ನೂಕದೆ, ಅಂಚಿಗೆ ಕೈಯಿಟ್ಟು ಅದರೊಡನೆ ಒಂದೆರಡು ಸಲ ಹೋಗಿ ಬಂದು ಮೆಲ್ಲಗೆ ಹಿಡಿಯುತ್ತಾಳೆ.

ನಿಧಾನದಲ್ಲಿ ಚಕ್ರ ತಿರುಗಿಸಿದ ಕೂಡಲೇ ದೋಣಿ ತಿರುಗುವುದಿಲ್ಲ, ಕೆಲವು ಕ್ಷಣ ತಡಮಾಡಿ ತಿರುಗುತ್ತದೆ. ಮೂತಿ ಎಡಕ್ಕೆ ಹೋಯಿತೆಂದು ಬಲಕ್ಕೆ ತಿರುಗಿಸಿದ ಚಾಲಕ, ಏನೂ ಆಗಲಿಲ್ಲವೆಂದು ಇನ್ನಷ್ಟು ತಿರುಗಿಸುತ್ತಾನೆ. ಅಷ್ಟರಲ್ಲಿ ಮೊದಲಿನ ತಿರುವು ಫಲ ಕೊಟ್ಟು, ಎರಡನೆಯದೂ ಅದರ ಬೆನ್ನಿಗೆ ಬಂದು, ಮೂತಿ ಬಲಕ್ಕೆ ಜಾರುತ್ತದೆ. ಅವನು ಗಾಬರಿಯಾಗಿ ಎಡಕ್ಕೆ ಎಳೆಯುತ್ತಾನೆ. ತೊಟ್ಟಿಲು ತೂಗುವಂತೆ ಸರಿಯಾದ ಗಳಿಗೆಗೆ ಸರಿಯಾದ ತಳ್ಳು ಬಿದ್ದು ಓಲಾಟ ಬೆಳೆಯುತ್ತಲೇ ಹೋಗುತ್ತದೆ. ಕೀಲುಗಳಲ್ಲಿ ಪ್ಲೇ ಇದ್ದರೆ ತಡ ಇನ್ನೂ ಹೆಚ್ಚುತ್ತದೆ, ತಡ ಹೆಚ್ಚಿದಷ್ಟೂ ಕೈ ಆತುರಪಡುತ್ತದೆ. ಹೀಗೆ ಸವೆತವೂ ಕೈಯೂ ಒಂದನ್ನೊಂದು ಮರೆಮಾಡಿ ನಿಲ್ಲುತ್ತವೆ. ಬಿಡಿಸಿ ನೋಡುವ ಉಪಾಯ ಸರಳ: ಚಕ್ರವನ್ನು ನಡುವಿಗೆ ತಂದು ಕೆಲವು ಕ್ಷಣ ಸುಮ್ಮನೆ ಹಿಡಿದಿರಬೇಕು. ಓಲಾಟ ತಗ್ಗಿದರೆ ಅದರ ಹೆಚ್ಚಿನ ಪಾಲು ಕೈಯಿಂದ ಬಂದದ್ದು. ತಗ್ಗದಿದ್ದರೆ ಗಾಳಿ, ಭಾರ ಅಥವಾ ಕೀಲು ಕಾರಣ.

ಭಾರದ ಮಾತನ್ನು ಚಕ್ಕಡಿ ಹೂಡಿದವರಿಗೆ ವಿವರಿಸಬೇಕಾಗಿಲ್ಲ. ಮುಂಭಾರವಾದರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂಭಾರವಾದರೆ ಮೂಕಿ ಮೇಲಕ್ಕೇಳುತ್ತದೆ. ದೋಣಿಯಲ್ಲಿ ಮುಂಭಾರವಾದರೆ ಮೂತಿ ನೀರನ್ನು ಅಗೆದು ಅದೇ ಊರುಗೋಲಾಗಿ, ಹಿಂಬದಿ ಅದರ ಸುತ್ತ ಜಾರತೊಡಗುತ್ತದೆ. ಪ್ರಯಾಣಿಕರನ್ನು ಒಂದಿಷ್ಟು ಹಿಂದಕ್ಕೆ ಕೂರಿಸಿ ಎಡಬಲ ಸರಿದೂಗಿಸಿದರೆ ಪಾನಾ ಮುಟ್ಟದೆಯೇ ಅರ್ಧ ದೋಷ ನೀಗಬಹುದು. ಕಾಲನ್ನು ಮೇಲಕ್ಕೆ ಕೆಳಕ್ಕೆ ಓರೆಮಾಡುವ ಏರ್ಪಾಡಿಗೆ ಟ್ರಿಮ್ ಎನ್ನುತ್ತಾರೆ. ವೇಗದಲ್ಲಿ ಅದನ್ನು ಮೇಲಕ್ಕೆತ್ತಿ ಓಡಿಸಿದವರು ನಿಧಾನವಾದಾಗ ಕೆಳಕ್ಕಿಳಿಸಲು ಮರೆಯುವುದುಂಟು. ಕಾಲು ಪೂರ್ತಿ ಕೆಳಗಿದ್ದರೆ ಪ್ರೊಪೆಲ್ಲರಿನ ತಳ್ಳು ನೇರವಾಗಿ ಹಿಂದಕ್ಕೆ ಹೋಗುತ್ತದೆ, ಕೆಳಗಿನ ರೆಕ್ಕೆ ಆಳದ ನೀರನ್ನು ಹಿಡಿಯುತ್ತದೆ. ಇದಿಷ್ಟಾದ ಮೇಲೂ ಉಳಿಯುವ ಅಲೆದಾಟವನ್ನು ಆ ಒಡಲಿನ ಗುಣವೆಂದು ಒಪ್ಪಿಕೊಳ್ಳುವುದು ವಿವೇಕ.

ಕಲಘಟಗಿಯಿಂದ ಅಂಕೋಲೆಯ ಕಡೆಗೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿ ಯಲ್ಲಾಪುರದ ಕಾಡನ್ನು ಹೊಕ್ಕು ಅರಬೈಲು ಘಟ್ಟ ಇಳಿಯುತ್ತದೆ. ಬೇಡ್ತಿಯೂ ಅದೇ ಕಾಡಿನಲ್ಲಿ ಮಾಗೋಡಿನ ಬಳಿ ಸುಮಾರು 200 ಮೀಟರ್ ಆಳಕ್ಕೆ ಎರಡು ಹಂತಗಳಲ್ಲಿ ಧುಮುಕುತ್ತದೆ. ನವಲಗುಂದದಲ್ಲಿ ಹಳ್ಳದ ಬಾಗುಗಳನ್ನು ಕಂಡು ಬಂದವರಿಗೆ ಈ ಧುಮುಕು ಬೇರೆಯೇ ಭಾಷೆಯಲ್ಲಿ ಆಡಿದಂತೆ ಕಾಣುತ್ತದೆ: ಇಲ್ಲಿ ನೀರಿಗೆ ಅಲೆಯಲು ಬಿಡುವಿಲ್ಲ. ಆದರೆ ಘಟ್ಟದ ಬುಡ ತಲುಪಿದ ಮೇಲೆ ಅದೇ ನೀರು ಗಂಗಾವಳಿಯಾಗಿ ಅಗಲಗೊಂಡು, ತೋಟಗಳ ನಡುವೆ ಮತ್ತೆ ಬಾಗುತ್ತ ಬಳುಕುತ್ತ, ಮಂಜಗುಣಿಗೂ ಗಂಗಾವಳಿ ಎಂಬ ಊರಿಗೂ ನಡುವೆ ಕಡಲನ್ನು ಮುಟ್ಟುತ್ತದೆ. ಧಾರವಾಡದ ಬೆನ್ನಿನ ಮೇಲೆ ಎರಡು ಪಾಲಾದ ಮಳೆ ಎರಡೂ ದಿಕ್ಕಿನಲ್ಲಿ, ಬಯಲಲ್ಲಾಗಲಿ ಅಳಿವೆಯಲ್ಲಾಗಲಿ, ನಿಧಾನವಾದ ಕಡೆ ಒಂದೇ ರೀತಿ ನಡೆದುಕೊಂಡಿದೆ.

ಅಳಿವೆಯಲ್ಲಿ ಭರತದ ಹೊತ್ತಿಗೆ ಕಡಲು ಒಳಕ್ಕೆ ತಳ್ಳುತ್ತದೆ, ಇಳಿತದ ಹೊತ್ತಿಗೆ ಹೊಳೆ ಹೊರಕ್ಕೆ ತಳ್ಳುತ್ತದೆ, ನೀರಿನಡಿಯ ಮರಳದಿನ್ನೆಗಳು ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತವೆ. ಯಾವ ದೋಣಿಯೂ ಇಲ್ಲಿ ವೇಗವಾಗಿ ನುಗ್ಗುವಂತಿಲ್ಲ. ಎಲ್ಲರೂ ನಿಧಾನಕ್ಕೆ ಇಳಿಯಲೇಬೇಕು, ಇಳಿದಾಗ ಎಲ್ಲರ ಮೂತಿಯೂ ಒಂದಿಷ್ಟು ಆಡಲೇಬೇಕು. ಕೀಲುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿ, ಸವೆದದ್ದನ್ನು ಬದಲಿಸಿ, ಭಾರವನ್ನು ಸರಿದೂಗಿಸಿ ಹೊರಟವನಿಗೆ ಆ ಆಟ ಎಲ್ಲಿಂದ ಬರುತ್ತಿದೆಯೆಂದು ತಿಳಿದಿರುತ್ತದೆ, ಹಾಗಾಗಿ ಅವನ ಕೈ ಅದರ ಹಿಂದೆ ಓಡುವುದಿಲ್ಲ. ಕೂರಿಗೆ ಹಿಡಿದವನು ಬದುವಿನ ಮರವನ್ನು ನೋಡುವಂತೆ ಅವನು ಆಚೆ ದಡದ ತೆಂಗೊಂದನ್ನು ನೋಡುತ್ತಾನೆ. ಮೂತಿ ಎಡಕ್ಕೆ ಹೋಗಿ, ಕ್ಷಣ ತಡೆದು, ತಾನಾಗಿ ಹಿಂದಿರುಗುತ್ತದೆ.